ಟವರಿಗೆ ಕಟ್ಟಿದ ಉಡಿ

ಸಿದ್ದಪ್ಪ ಕಳ್ಳನಲ್ಲ. ಅವನನ್ನು ಆ ಟವರ್ ಹತ್ತಿಸಿದವನು ನಾನು. ತಂತಿಗೆ ಕರೆಂಟ್ ಬಿಡುವ ಹೊತ್ತಾಯಿತೆಂದು ನನಗೆ ಗೊತ್ತಿತ್ತು — ಗೊತ್ತಿದ್ದೇ ಹತ್ತಿಸಿದೆ. ಅವನು ಸತ್ತ ಮೇಲೆ, ಅವನೇಕೆ ಹತ್ತಿದನೆಂದು ಕೇಳಿದವರ ಮುಂದೆ ಸುಳ್ಳು ಹೇಳಿದೆ.

ಇಷ್ಟೇ ಮೂರು ನಾಲ್ಕು ಸಾಲು. ಇದನ್ನು ಬರೆಯಲು ನನಗೆ ಇಪ್ಪತ್ತು ವರ್ಷಕ್ಕೂ ಹೆಚ್ಚು ಬೇಕಾಯಿತು. ನಡುವೆ ಎಷ್ಟೋ ಸಲ ಬಾಯಿಯವರೆಗೆ ಬಂದ ಮಾತನ್ನು ಎಲೆಯಡಿಕೆಯ ಜೊತೆ ನುಂಗಿದ್ದೇನೆ. ನುಂಗಿದ್ದು ಎಲ್ಲಿಗೂ ಹೋಗಲಿಲ್ಲ. ಅಲ್ಲೇ ಕುಳಿತಿದೆ.

ನನ್ನ ಹೆಸರು ಭೀಮರಾಯ. ಸಿಂದಗಿ ತಾಲೂಕಿನ ಕನ್ನೊಳ್ಳಿಯವನು. ಈಗ ಹೊಲ ನೋಡಿಕೊಂಡಿದ್ದೇನೆ, ಆದರೆ ಒಂದು ಕಾಲಕ್ಕೆ ಟವರ್ ಕೆಲಸದ ಗ್ಯಾಂಗನ್ನು ನಡೆಸುವ ಮುಕಾದಮನಾಗಿದ್ದೆ. ಹೊಲಗಳ ನಡುವೆ ಕೈ ಚಾಚಿ ನಿಂತ ದೊಡ್ಡ ಕಬ್ಬಿಣದ ಟವರುಗಳನ್ನು ನೀವು ಬಸ್ಸಿನ ಕಿಟಕಿಯಿಂದ ನೋಡಿರುತ್ತೀರಿ, ನೋಡಿ ಮರೆತಿರುತ್ತೀರಿ. ಅವನ್ನು ಪಟ್ಟಿಗೆ ಪಟ್ಟಿ ಜೋಡಿಸಿ ಎಬ್ಬಿಸುವವರು, ಒಂದರ ತೋಳಿನಿಂದ ಇನ್ನೊಂದರ ತೋಳಿಗೆ ತಂತಿ ಎಳೆಯುವವರು ನಮ್ಮಂಥವರು. ಮೊದಲು ಬಸವನ ಬಾಗೇವಾಡಿ, ಮುದ್ದೇಬಿಹಾಳದ ಕಡೆ ಸಣ್ಣ ಲೈನುಗಳಲ್ಲಿ ಕೈ ಪಳಗಿಸಿಕೊಂಡೆವು. ಆಮೇಲೆ ಇಂಡಿ ಕಡೆ. ನಮ್ಮ ಹುಡುಗರಿಗೆ ಎತ್ತರದ ಅಂಜಿಕೆ ಇಲ್ಲ, ಕುಡಿದು ಗಲಾಟೆ ಮಾಡುವುದಿಲ್ಲ ಎಂದು ಗುತ್ತಿಗೆದಾರನಿಗೆ ನಾವು ಹಿಡಿಸಿದೆವು. ದೂರದೂರಕ್ಕೆ ಒಯ್ದ. ಹೊಸ ಶತಮಾನದ ಮೊದಲ ವರ್ಷಗಳಲ್ಲಿ ಭೂತಾನದ ಗಡಿಗೂ ಒಯ್ದ.

ಅಲ್ಲಿಯ ಬೆಟ್ಟದ ಹೊಳೆಗಳಲ್ಲಿ ಹುಟ್ಟುವ ಕರೆಂಟನ್ನು ನಮ್ಮ ದೇಶಕ್ಕೆ ಇಳಿಸಿ ತರುವ ಲೈನ್ ಅದು. ಒಂದು ದೇಶದಲ್ಲಿ ಒಂದು ಟವರ್, ಅದರ ಮುಂದಿನದು ಇನ್ನೊಂದು ದೇಶದಲ್ಲಿ. ಆ ಮಾತೇ ನಮಗೆ ತಮಾಷೆಯಾಗಿತ್ತು. "ಅಣ್ಣಾರ, ಈ ತಂತಿ ಹಿಡದು ನಡದ್ರ ಪಾಸ್‌ಪೋರ್ಟ್ ಬೇಕಾಗೂದಿಲ್ಲ ನೋಡ್ರಿ" ಎಂದು ಸಿದ್ದಪ್ಪ ನಗಿಸುತ್ತಿದ್ದ. ಬಯಲುಸೀಮೆಯ ನಮಗೆ ಆ ಕಾಡು ಒಗ್ಗಿರಲಿಲ್ಲ. ಹಗಲಲ್ಲೂ ಮಂಜು, ಆನೆಗಳ ಭಯ, ಎಲ್ಲಿಂದಲೋ ಸದಾ ನೀರಿನ ಸದ್ದು. ನಮ್ಮ ಕಡೆ ಎತ್ತ ನೋಡಿದರೂ ಬಾನಿನ ಅಂಚು ಕಾಣುತ್ತದೆ. ಅಲ್ಲಿ ಟವರಿನ ತುದಿ ಹತ್ತಿದವನಿಗೆ ಮಾತ್ರ ಅದು ಕಾಣುತ್ತಿತ್ತು. ನಮ್ಮಲ್ಲಿ ತುದಿ ಹತ್ತುವವನು ಸಿದ್ದಪ್ಪ.

ನನಗಿಂತ ಚಿಕ್ಕವನು. ನಮ್ಮ ಓಣಿಯವನೇ, ನಮ್ಮ ಮನೆಯಿಂದ ಕೂಗಿದರೆ ಕೇಳುವಷ್ಟು ದೂರದಲ್ಲಿ ಅವನ ಮನೆ. ಹೆಂಡತಿ ಮಹಾದೇವಿ, ಒಬ್ಬಳೇ ಮಗಳು ಕಸ್ತೂರಿ. ಮನುಷ್ಯ ಮಾತುಗಾರ, ಆದರೆ ಕೆಲಸದಲ್ಲಿ ಎಚ್ಚರದವನು. ಹತ್ತುವ ಮೊದಲು ಟವರಿನ ಕಾಲಿಗೆ ಕಿವಿಯಿಟ್ಟು ಕೇಳುವ ರೂಢಿ ಅವನಿಗಿತ್ತು. ಹತ್ತಿರದಲ್ಲಿ ಕರೆಂಟ್ ಇದ್ದರೆ ಕಬ್ಬಿಣ ಗುಂಯ್ ಎನ್ನುತ್ತದೆ ಎಂದು ಅವನ ನಂಬಿಕೆ. ಕಿವಿಯ ಮೇಲೆ ಎಷ್ಟು ನಂಬಿಕೆಯೋ ನನ್ನ ಮೇಲೂ ಅಷ್ಟೇ ಇಟ್ಟಿದ್ದ.

ಇನ್ನು ಉಡಿಯ ವಿಷಯ ಹೇಳಬೇಕು. ಅದನ್ನು ಹೇಳದಿದ್ದರೆ ಉಳಿದದ್ದು ನಿಮಗೆ ಅರ್ಥವಾಗುವುದಿಲ್ಲ.

ನಮ್ಮ ಕಡೆ ಮಗಳಿಗೆ, ಸೊಸೆಗೆ, ದೇವಿಗೆ ಉಡಿ, ಅಂದರೆ ಮಡಿಲು, ತುಂಬುತ್ತೇವೆ. ನಮ್ಮ ಗ್ಯಾಂಗಿನವರು ಟವರಿಗೂ ಉಡಿ ತುಂಬುತ್ತಿದ್ದರು. ಯಾರು ಶುರು ಮಾಡಿದರೋ ತಿಳಿಯದು. ನಾನು ಸೇರುವ ಹೊತ್ತಿಗೇ ಅದು ಶಾಸ್ತ್ರವಾಗಿತ್ತು. ಒಂದು ಲೈನಿನ ಕೊನೆಯ ಟವರ್ ಎದ್ದು ತಂತಿ ಎಳೆದು ಮುಗಿಸಿದ ದಿನ, ಒಂದು ಖಣದಲ್ಲಿ, ಅಂದರೆ ರವಿಕೆಯ ಬಟ್ಟೆಯಲ್ಲಿ, ಅಕ್ಕಿ, ಅರಿಷಿಣ ಬೇರು, ಕೊಬ್ಬರಿ ಬಟ್ಟಲು ಕಟ್ಟಿ ಗಂಟು ಮಾಡುತ್ತಿದ್ದೆವು. ಟವರಿನ ತೋಳಿನಿಂದ ಪಿಂಗಾಣಿ ಬಟ್ಟಲುಗಳ ಸರ ಇಳಿದಿರುತ್ತದೆ, ಸರದ ತುದಿಗೆ ತಂತಿ. ಆ ಸರವೂ ತಂತಿಯೂ ಕೂಡುವ ಜಾಗವೇ ಟವರಿನ ಮಡಿಲು ಎಂದು ನಮ್ಮ ಲೆಕ್ಕ. ಉಡಿಯ ಗಂಟನ್ನು ಅಲ್ಲಿ ಸಣ್ಣ ತಂತಿಯಿಂದ ಬಿಗಿಯುತ್ತಿದ್ದೆವು. ಖಣ ಕೊಡುವವಳು ತುದಿ ಹತ್ತುವವನ ಹೆಂಡತಿ. ಊರು ಬಿಡುವಾಗಲೇ ಕೊಟ್ಟು ಕಳಿಸುತ್ತಿದ್ದಳು. ಕರೆಂಟ್ ಬರುವ ಮೊದಲು ಆ ಉಡಿಯನ್ನು ಇಳಿಸಿ ತರಬೇಕು. ತಂದದ್ದನ್ನು ಮಕ್ಕಳಿಗಾಗಿ ಹಂಬಲಿಸುವ ಹೆಂಗಸಿನ ಮಡಿಲಿಗೆ ಹಾಕಿದರೆ ಅವಳ ಬಸಿರು ನಿಲ್ಲುತ್ತದೆ. ಇಳಿಸದೆ ಬಿಟ್ಟು ಅದು ಕರೆಂಟಿನಲ್ಲಿ ಸುಟ್ಟರೆ, ಖಣ ಕೊಟ್ಟವಳ ಮನೆಗೆ ಕೇಡು.

ನಂಬುತ್ತಿದ್ದೆವೇ? ನಗುತ್ತಾ ನಂಬುತ್ತಿದ್ದೆವು. ನಗುತ್ತಾ ನಂಬಿದ್ದು ಬಲು ಗಟ್ಟಿ.

ನನ್ನ ಹೆಂಡತಿ ಕಮಲವ್ವನಿಗೆ ಎರಡು ಸಲ ಬಸಿರು ನಿಂತಿರಲಿಲ್ಲ. ಆಗ ಮೂರನೆಯದು. ಸಂತೆಯ ದಿನ ಎಸ್‌ಟಿಡಿ ಬೂತಿನಿಂದ ಊರಿಗೆ ಫೋನ್ ಮಾಡಿದಾಗಲೆಲ್ಲ ಅವಳು ನನ್ನ ಆರೋಗ್ಯ ಕೇಳುವ ಮೊದಲು ಕೇಳುತ್ತಿದ್ದದ್ದು ಒಂದೇ. "ಟವರಿನ ಉಡಿ ತರ್ತೀರಿಲ್ರಿ? ಮರೀಬ್ಯಾಡ್ರಿ ಮತ್ತ." ಆ ಸಲ ಎಲ್ಲ ಕೂಡಿಬಂದಿತ್ತು. ಎರಡು ದೇಶದ ಗಡಿಯ ಟವರು, ಅದಕ್ಕಿಂತ ದೊಡ್ಡ ಉಡಿ ಯಾವುದಿದ್ದೀತು! ಖಣ ಮಹಾದೇವಿಯದು — ಅವಳ ತವರಿನ ಹಸಿರು ಖಣ, ಕೆಂಪು ಅಂಚಿನದು. ಕಟ್ಟಿದವನು ಸಿದ್ದಪ್ಪ. ತಂತಿ ಎಳೆದು ಮುಗಿದ ಮೇಲೆ "ಅಣ್ಣಾರ, ಉಡಿ ಇಳಸೂದೈತಿ" ಎಂದು ಅವನು ನೆನಪಿಸುತ್ತಲೇ ಇದ್ದ. ನಾನು ನಾಳೆ, ನಾಡಿದ್ದು ಎಂದು ದೂಡುತ್ತಲೇ ಇದ್ದೆ. ಸಾಮಾನು ಕಟ್ಟುವ ಗಡಿಬಿಡಿ. ಮತ್ತೆ, ಆಚೆ ಬದಿಯ ಕರೆಂಟಿನ ಮನೆ ಇನ್ನೂ ತಯಾರಾಗಿರಲಿಲ್ಲ. ಲೈನಿಗೆ ಕರೆಂಟ್ ಬರಲು ತಿಂಗಳುಗಳೇ ಇದ್ದವು. ಅವಸರವೇನು?

ಗ್ಯಾಂಗಿನವರೆಲ್ಲ ಮುಂಚೆಯೇ ಹೊರಟುಹೋದರು. ಉಳಿದ ಹಗ್ಗ ರಾಟೆಗಳನ್ನು ಲಾರಿಗೆ ಹೇರಿಸಿ ಬರಲು ನಾನೂ ಸಿದ್ದಪ್ಪನೂ ಉಳಿದೆವು.

ಆ ಬೆಳಿಗ್ಗೆ ಎಂಜಿನಿಯರ್ ಸಾಹೇಬರು ಕರೆಸಿದರು. ಆ ಭಾಗದಲ್ಲಿ ತಂತಿಗಳ್ಳರ ಕಾಟ. ಹೊಸ ಲೈನ್ ಹಾಗೇ ಸುಮ್ಮನೆ ನಿಂತಿದ್ದರೆ ಊರವರು ತಂತಿ ಕತ್ತರಿಸಿ ಮಾರುತ್ತಾರೆ. ಅದಕ್ಕೆ, ದೊಡ್ಡ ಕರೆಂಟ್ ಬರುವವರೆಗೆ ಹತ್ತಿರದ ಸ್ಟೇಷನ್ನಿನಿಂದ ಸ್ವಲ್ಪ ಕರೆಂಟ್ ಬಿಟ್ಟಿಡುತ್ತಾರೆ — ಬರೀ ಕಳ್ಳರಿಗಾಗಿ ಬಿಡುವ ಕರೆಂಟು. ಸ್ವಲ್ಪ ಎಂದರೆ ಆ ಲೈನಿನ ಲೆಕ್ಕದಲ್ಲಿ ಸ್ವಲ್ಪ, ಮನುಷ್ಯನಿಗೆ ಬೇಕಾದಷ್ಟು. ಇವತ್ತು ಮಧ್ಯಾಹ್ನದಿಂದ ಲೈನು ಜೀವಂತ ಎಂದು ತಿಳಿದುಕೋ, ನಿನ್ನವರಿಗೆ ಹೇಳು, ಯಾರೂ ಹತ್ತಕೂಡದು ಎಂದರು ಸಾಹೇಬರು. ಸುತ್ತಲ ಹಳ್ಳಿಗಳಲ್ಲಿ ಅವರ ಭಾಷೆಯಲ್ಲಿ ಡಂಗುರ ಸಾರಲು ಜನ ಹೋಗಿದ್ದಾರೆ, ನಿನ್ನವರಿಗೆ ನಿನ್ನ ಭಾಷೆಯಲ್ಲಿ ನೀನೇ ಹೇಳಬೇಕು ಎಂದರು. ನಾನು ಹ್ಞೂಂ ಎಂದು ತಲೆಯಾಡಿಸಿದೆ.

ನನ್ನವರು ಎಂದರೆ ಆ ಹೊತ್ತಿಗೆ ಸಿದ್ದಪ್ಪನೊಬ್ಬನೇ. ಒಬ್ಬ ಮನುಷ್ಯನಿಗೆ ಒಂದು ಮಾತು ಹೇಳಬೇಕಿತ್ತು.

ಬಿಡಾರಕ್ಕೆ ಮರಳುವ ದಾರಿಯಲ್ಲಿ ಉಡಿ ನೆನಪಾಯಿತು. ಅದು ಇನ್ನೂ ಮೇಲೆಯೇ ಇತ್ತು. ಓಡಿದ್ದರೆ ಹೊತ್ತು ಮೀರುವ ಮೊದಲೇ ಮುಟ್ಟುತ್ತಿದ್ದೆನೋ ಏನೋ — ಆದರೆ ದಾರಿಯಲ್ಲಿ ಲಾರಿಯವನು ಸಿಕ್ಕ, ಅವನೊಡನೆ ಮಾತಿಗೆ ನಿಂತೆ, ಅಲ್ಲೊಂದಿಷ್ಟು ಹೊತ್ತು ಹೋಯಿತು. ಬಿಡಾರ ಸೇರಿದಾಗ ಹೊತ್ತು ನೆತ್ತಿಗೆ ಬಂದಿತ್ತು. ಸಿದ್ದಪ್ಪ ಅನ್ನಕ್ಕಿಟ್ಟು ಶೇಂಗಾ ಹುರಿಯುತ್ತಿದ್ದ. ಕಾಡಿನಾಚೆ ಎಲ್ಲೋ ಡಂಗುರದ ಸದ್ದು ಕೇಳುತ್ತಿತ್ತು. ಸ್ವಲ್ಪ ಹೊಡೆಯುವುದು, ನಿಲ್ಲಿಸುವುದು, ಯಾರೋ ಕೂಗಿ ಹೇಳುವುದು, ಮತ್ತೆ ಹೊಡೆಯುವುದು. ಮಂಜಿನಲ್ಲಿ ಆ ಸದ್ದು ಎತ್ತಲಿಂದ ಬರುತ್ತಿದೆಯೆಂದೇ ತಿಳಿಯುತ್ತಿರಲಿಲ್ಲ. ಈಗ ಇತ್ತ, ಇನ್ನೊಂದು ಗಳಿಗೆಗೆ ಬೆನ್ನ ಹಿಂದೆ.

ನಾನು ಮನಸ್ಸಿನಲ್ಲೇ ಲೆಕ್ಕ ಹಾಕಿದೆ. ಈ ಜನ ಮಧ್ಯಾಹ್ನ ಎಂದರೆ ಸಂಜೆ. ಸಂಜೆ ಎಂದರೆ ನಾಳೆ. ಇಷ್ಟು ವರ್ಷ ಕೆಲಸ ಮಾಡಿದ್ದೇನೆ, ಯಾವ ಸಾಹೇಬನ ಮಾತು ಹೊತ್ತಿಗೆ ಸರಿಯಾಗಿ ನಡೆದಿದೆ? ಒಂದು ಗಳಿಗೆಯ ಕೆಲಸ. ಹತ್ತಿ, ಕತ್ತರಿಸಿ, ಇಳಿದುಬಿಟ್ಟರೆ —

"ಸಿದ್ದಾ, ಉಡಿ ಇಳಿಸಿಕೊಂಡ ಬಂದಬಿಡು" ಎಂದೆ.

ಅವನು ಎದ್ದ. ಪಕ್ಕಡ ತೆಗೆದುಕೊಂಡ; ಉಡಿ ಬಿಗಿದ ತಂತಿ ಕತ್ತರಿಸಲು ಅದು ಬೇಕು. ಹೊರಡುವಾಗ ಒಮ್ಮೆ ನಿಂತು ಕಾಡಿನ ಕಡೆ ಕಿವಿಗೊಟ್ಟ.

"ಅಣ್ಣಾರ, ಡಂಗುರ ಹೊಡ್ಯಾಕತ್ತಾರಲ್ರಿ, ಏನಂತ ಸಾರಾಕತ್ತಾರ್ರೀ?"

ನನಗೆ ಆ ಭಾಷೆ ಪೂರಾ ಬರುತ್ತಿರಲಿಲ್ಲ. ಬರಬೇಕಾಗಿಯೂ ಇರಲಿಲ್ಲ.

"ಅವರ ದೇವರದೇನೋ ಇದ್ದೀತು. ನಮಗ್ಯಾಕದು?"

"ಅಲ್ರೀ, ಕರೆಂಟ್ ಗಿರೆಂಟ್ ಬಿಡ್ತಾರೇನೋ ಅಂತ ಮಾಡಿದ್ದೆ."

"ಲೈನಿಗೆ ಇನ್ನಾ ಜೀವ ಬಂದಿಲ್ಲೋ. ಹತ್ತು."

ಇದೇ ಆ ಮಾತು. ಇದನ್ನು ನಾನು ಒಂದಲ್ಲ, ಸಾವಿರ ಸಲ ತಿರುಗಿಸಿ ತಿರುಗಿಸಿ ನೋಡಿದ್ದೇನೆ. ಮರೆತು ಹೇಳಿದೆನೆಂದು ಎಷ್ಟೋ ವರ್ಷ ನನಗೆ ನಾನೇ ನಂಬಿಸಲು ನೋಡಿದೆ. ನಂಬಿಕೆ ಬರಲಿಲ್ಲ. ಏಕೆಂದರೆ — ಲೈನ್ ಸತ್ತಿದೆ ಎಂದು ನಾನು ನಿಜವಾಗಿ ನಂಬಿದ್ದರೆ ನಾನೇ ಹತ್ತಬಹುದಿತ್ತು. ಉಡಿ ಬೇಕಾದವನು ನಾನು. ಮುಕಾದಮನಾದರೂ ಹತ್ತುವುದೇನೂ ಮರೆತಿರಲಿಲ್ಲ. ನಾನು ಹತ್ತಲಿಲ್ಲ. ಹತ್ತುವ ಯೋಚನೆಯೂ ಬರಲಿಲ್ಲ. ನನ್ನ ಕಾಲಿಗೆ ಗೊತ್ತಿದ್ದ ಮಾತನ್ನು ನನ್ನ ಬಾಯಿ ಸಿದ್ದಪ್ಪನಿಗೆ ಹೇಳಲಿಲ್ಲ, ಅಷ್ಟೆ.

ಅವನ ಹಿಂದೆಯೇ ಹೋದೆ. ಟವರಿನ ಬುಡದಲ್ಲಿ ಅವನು ಎಂದಿನಂತೆ ಕಾಲಿಗೆ ಕಿವಿಯಿಟ್ಟ. ದೊಡ್ಡ ಕರೆಂಟ್ ಇದ್ದರೆ ಲೈನು ದೂರದಿಂದಲೇ ಹಾಡುತ್ತದೆ, ಮಂಜಿನ ದಿನವಂತೂ ಚರಚರ ಎನ್ನುತ್ತದೆ. ಕಳ್ಳರಿಗಾಗಿ ಬಿಡುವ ಕರೆಂಟಿಗೆ ಸದ್ದಿಲ್ಲ. ಅವನಿಗೆ ಏನೂ ಕೇಳಲಿಲ್ಲ. ನನ್ನ ಕಡೆ ನೋಡಿ ನಕ್ಕ. "ಮಲಗೇತ್ರಿ" ಎಂದು ಹತ್ತತೊಡಗಿದ.

ಡಂಗುರ ಅಷ್ಟರಲ್ಲಿ ನಿಂತಿತ್ತು. ಅದು ನಿಂತದ್ದೇ ನನಗೆ ಅಂಜಿಕೆ ಹುಟ್ಟಿಸಿತು. ಮೇಲೆ ಅವನು ಮಂಜಿನಲ್ಲಿ ಸಣ್ಣಗಾಗುತ್ತಾ ಹೋದ. ಅವನು ತೋಳಿನ ಮೇಲೆ ಕೂತು ಬಟ್ಟಲಿನ ಸರಕ್ಕೆ ಕಾಲು ಇಳಿಬಿಟ್ಟಾಗ ನನ್ನ ಬಾಯಿ ತೆರೆಯಿತು. ಕೂಗಿದ್ದರೆ ಕೇಳುತ್ತಿತ್ತು. "ಬ್ಯಾಡ, ಇಳಿ" — ಎರಡೇ ಮಾತು. ಆದರೆ ಕೂಗಿದರೆ, ಯಾಕ್ರೀ ಎಂದು ಕೇಳುತ್ತಾನೆ; ನಾನು ಹೇಳಿದ್ದು ಸುಳ್ಳೆಂದು ಅವನಿಗೆ ತಿಳಿಯುತ್ತದೆ. ನಿಮಗೆ ನಂಬಿಕೆ ಬರುತ್ತದೋ ಇಲ್ಲವೋ, ಒಬ್ಬ ಮನುಷ್ಯನ ಜೀವ ತೂಗಾಡುವ ಹೊತ್ತಿನಲ್ಲಿ ನನಗೆ ಆದದ್ದು ನಾಚಿಕೆ. ಆ ನಾಚಿಕೆಗೆ ನಾನು ಬಾಯಿ ಮುಚ್ಚಿಕೊಂಡೆ.

ಸದ್ದು ದೊಡ್ಡದೇನಲ್ಲ. ಒಣಗಿದ ತೊಗರಿ ಕಾಯಿ ಸಿಡಿದಷ್ಟು.

ಬಿದ್ದವನ ಬಳಿ ಮೊದಲು ಹೋದವನು ನಾನು. ಜೀವ ಇರಲಿಲ್ಲ. ಎಡಗೈಯಲ್ಲಿ ಉಡಿಯ ಗಂಟು ಬಿಗಿಯಾಗಿ ಹಾಗೇ ಇತ್ತು, ಖಣದ ಒಂದು ಮೂಲೆ ಕರಕಲಾಗಿತ್ತು. ಕತ್ತರಿಸಿ ಇಳಿಸಿಯೇ ಬಿಟ್ಟಿದ್ದ. ಕಾವಲುಗಾರನ ಸೀಟಿ, ಓಡಿ ಬರುವ ಹೆಜ್ಜೆ ಕೇಳಿಸಿದವು. ಆಗ ನಾನು ಏನು ಮಾಡಿದೆನೆಂದು ಹೇಳುತ್ತೇನೆ. ಅವನ ಬೆರಳು ಬಿಡಿಸಿ ಆ ಗಂಟನ್ನು ತೆಗೆದು ನನ್ನ ಅಂಗಿಯೊಳಗೆ ಹಾಕಿಕೊಂಡೆ. ಅಳುವುದು ಆಮೇಲೆ ಬಂತು. ಮೊದಲು ಇದು.

ಗಂಟು ಹೋದ ಮೇಲೆ ಅವನ ಬಳಿ ಉಳಿದದ್ದು ಪಕ್ಕಡ ಒಂದೇ. ಕಳ್ಳರಿಗಾಗಿ ಕರೆಂಟ್ ಬಿಟ್ಟ ತಂತಿಯ ಕೆಳಗೆ, ತಂತಿ ಕತ್ತರಿಸುವ ಪಕ್ಕಡ ಹಿಡಿದು ಸತ್ತ ಮನುಷ್ಯ. ಯಾರಿಗೂ ಬೇರೇನೂ ಹೇಳಬೇಕಾಗಲಿಲ್ಲ. ಸಾಹೇಬರು ಬಂದು ನನ್ನನ್ನು ಎರಡು ಪ್ರಶ್ನೆ ಕೇಳಿದರು. ಇವನಿಗೆ ಹೇಳಿದ್ದೆಯಾ? ಹೇಳಿದ್ದೆ ಎಂದೆ. ಮತ್ತೆ ಯಾಕೆ ಹತ್ತಿದ? ನನಗೆ ಗೊತ್ತಿಲ್ಲ ಎಂದೆ. ಸಾಹೇಬರು ಪಕ್ಕಡವನ್ನು ನೋಡಿದರು, ನನ್ನನ್ನು ನೋಡಿದರು, ತಲೆಯಾಡಿಸಿದರು. ಪೊಲೀಸರೂ ಹಾಗೆಯೇ ತಲೆಯಾಡಿಸಿದರು. ಅಂಗಿಯೊಳಗೆ ಕೊಬ್ಬರಿ ಬಟ್ಟಲು ನನ್ನ ಎದೆಗೆ ಒತ್ತುತ್ತಿತ್ತು.

ಊರಿಗೆ ಒಯ್ಯುವಂತಿರಲಿಲ್ಲ. ಅಲ್ಲಿಯ ಹೊಳೆ ದಂಡೆಯಲ್ಲೇ ಮಣ್ಣು ಮಾಡಿದೆವು. ಮಣ್ಣು ಹಾಕಿದ ಕೈಗಳಲ್ಲಿ ನಮ್ಮ ಊರಿನವು ನನ್ನವೆರಡೇ.

ನಾನು ಸೊಲ್ಲಾಪುರ ದಾಟಿ ಇಂಡಿ ರೋಡ್ ಸ್ಟೇಷನ್ನಿನಲ್ಲಿ ಇಳಿಯುವ ಮೊದಲೇ ಸುದ್ದಿ ಊರು ಮುಟ್ಟಿತ್ತು. ಗುತ್ತಿಗೆದಾರನ ಕಡೆಯವರು ಗ್ಯಾಂಗಿನವರಿಗೆ ಹೇಳಿದ್ದರು, ಅವರು ಊರಿಗೆ ತಂದಿದ್ದರು. ಸಿದ್ದಪ್ಪ ತಂತಿ ಕದಿಯಾಕ ಹೋಗಿ ಸತ್ತ. ಉಡಿಗಾಗಿ ಹತ್ತಿದನೇನೋ ಎಂದು ಗ್ಯಾಂಗಿನವರಿಗೆ ಹೊಳೆಯಬಹುದಿತ್ತು, ಆದರೆ ಅವನ ಬಳಿ ಸಿಕ್ಕದ್ದು ಪಕ್ಕಡ ಒಂದೇ ಎಂದು ಅವರು ಕೇಳಿದ್ದರು. ನಾನು ಸುಳ್ಳು ಹೇಳುವ ಕಷ್ಟವೂ ಇರಲಿಲ್ಲ, ಸುಮ್ಮನಿದ್ದರೆ ಸಾಕಿತ್ತು. ಅವನ ಮನೆಯ ಬಾಗಿಲಿಗೆ ಹೋದಾಗ ಹೆಂಗಸರೆಲ್ಲ ಅಳುತ್ತಿದ್ದರು. ಮಹಾದೇವಿ ಅಳುತ್ತಿರಲಿಲ್ಲ. ನನ್ನ ದಾರಿಯನ್ನೇ ಕಾಯುತ್ತಿದ್ದಳು.

"ಅಣ್ಣಾರ, ನೀವ ಹೇಳ್ರಿ. ಅವರು ಕದಿಯಾಕ ಹತ್ತಿದ್ರೇನ್ರೀ?"

"ಆಗಿದ್ದು ಆಗಿಹೋತು, ಬಿಡವಾ" ಎಂದೆ.

ಅವಳು ನನ್ನ ಹತ್ತಿರ ಬಂದಳು. ಆಮೇಲೆ ಸಣ್ಣ ದನಿಯಲ್ಲಿ, "ಉಡೀನರ ಇಳಿಸಿದ್ರೇನ್ರೀ?"

"ಇಲ್ಲವಾ. ಅಲ್ಲೇ ಉಳೀತು."

ಆ ಹೊತ್ತಿಗೆ ಅವಳು ಗೋಡೆಗೆ ಒರಗಿ ಕುಸಿದು ಕೂತಳು. ಗಂಡ ಸತ್ತ ಸುದ್ದಿಗೆ ಬೀಳದವಳು ಆ ಮಾತಿಗೆ ಬಿದ್ದಳು. ತನ್ನ ಖಣ ಸುಟ್ಟಿತು, ಅದರ ಕೇಡೇ ತನ್ನ ಮನೆಗೆ ಬಂತು ಎಂದು ಅವತ್ತು ಅವಳ ತಲೆಯಲ್ಲಿ ಕೂತದ್ದು ಮತ್ತೆ ಏಳಲಿಲ್ಲ. ಅವಳಿಗೆ ಆ ಭಾರ ಹೊರಿಸಿದವನೂ ನಾನೇ.

ಮನೆಗೆ ಬಂದರೆ ಕಮಲವ್ವನೂ ಅದನ್ನೇ ಕೇಳಿದಳು. ಅವಳಿಗೂ ಇಲ್ಲ ಎಂದೆ. ಆ ಗಂಟನ್ನು ಅವಳ ಮಡಿಲಿಗೆ ಹಾಕುವ ಧೈರ್ಯ ನನಗಾಗಲಿಲ್ಲ. ಸತ್ತವನ ಕೈಯಿಂದ ಕಿತ್ತದ್ದನ್ನು ಹುಟ್ಟುವ ಕೂಸಿಗೆ ಹೇಗೆ ಹಾಕುವುದು? ಟ್ರಂಕಿನ ತಳದಲ್ಲಿ, ಹಳೆಯ ಕಂಬಳಿಯ ಕೆಳಗೆ ಇಟ್ಟೆ. ಕಮಲವ್ವ ಹೆರುವವರೆಗೂ ನಾನು ಒಂದು ರಾತ್ರಿಯೂ ನೆಟ್ಟಗೆ ನಿದ್ದೆ ಮಾಡಲಿಲ್ಲ. ಕೂಸು ಉಳಿಯುವುದಿಲ್ಲ, ಸಿದ್ದಪ್ಪ ಉಳಿಸುವುದಿಲ್ಲ ಎಂದೇ ಅನಿಸುತ್ತಿತ್ತು. ಹೆಣ್ಣು ಕೂಸು ಹುಟ್ಟಿತು. ಗುಂಡುಕಲ್ಲಿನ ಹಾಗೆ ಗಟ್ಟಿಯಾಗಿ, ಉಡಿಯ ಹಂಗಿಲ್ಲದೆ ಹುಟ್ಟಿತು. ನಾನು ಸಂತೋಷಪಡಬೇಕಿತ್ತು. ಅದನ್ನು ಕೈಯಲ್ಲಿ ಹಿಡಿದು ನಾನು ಅಂದುಕೊಂಡದ್ದು, ಹಾಗಾದರೆ ಅವನು ಹತ್ತಿದ್ದು ಯಾತಕ್ಕೂ ಅಲ್ಲ.

ಊರು ಬೇಗ ಮರೆಯುತ್ತದೆ ಎನ್ನುತ್ತಾರೆ. ಬೇಡದ್ದನ್ನು ಮರೆಯುತ್ತದೆ. 'ತಂತಿಕಳ್ಳ' ಎಂಬ ಮಾತು ನಮ್ಮ ಊರಿಗೆ ಬಲು ರುಚಿಸಿತು. ಅಂಗಡಿಯಲ್ಲಿ ಏನಾದರೂ ಕಳೆದರೆ ಕಣ್ಣು ಆ ಮನೆಯ ಕಡೆ ಹೊರಳುತ್ತಿತ್ತು. ಸಾಲೆಯಲ್ಲಿ ಕಸ್ತೂರಿಯ ಹಿಂದೆ ಹುಡುಗರು ಪಕ್ಕಡದ ಹಾಗೆ ಬೆರಳಾಡಿಸಿ ತೋರಿಸುತ್ತಿದ್ದರು. ಸಿದ್ದಪ್ಪನ ತಪ್ಪು ಎಂದ ಮೇಲೆ ಪರಿಹಾರವೂ ಬರಲಿಲ್ಲ. ಮಹಾದೇವಿ ಬೇರೆಯವರ ಹೊಲಗಳಲ್ಲಿ ಕಳೆ ತೆಗೆದು ಮಗಳನ್ನು ಓದಿಸಿದಳು. ನಾನು ಆ ಮನೆಗೆ ಜೋಳ ಕಳಿಸಿದೆ, ಹಬ್ಬಕ್ಕೆ ಬೆಲ್ಲ ಬೇಳೆ ಕಳಿಸಿದೆ. ಊರವರು ನನ್ನನ್ನು ದೊಡ್ಡ ಮನಸ್ಸಿನವನು ಎಂದರು. ಎಂದಾಗ ನಾನು ತಲೆ ತಗ್ಗಿಸುತ್ತಿದ್ದೆ, ಅದನ್ನೂ ಅವರು ನನ್ನ ವಿನಯ ಎಂದು ತಿಳಿದರು.

ಕಸ್ತೂರಿಗೆ ಮುದ್ದೇಬಿಹಾಳದ ಕಡೆಯಿಂದ ಒಂದು ಒಳ್ಳೆಯ ಸಂಬಂಧ ಕೂಡಿ ಬಂತು. ಹುಡುಗನ ಸೋದರಮಾವ ವಿಚಾರಿಸಲು ನೇರ ನನ್ನ ಕಟ್ಟೆಗೇ ಬಂದ. "ಹುಡಿಗಿ ತಂದಿ ಸುದ್ದಿ ಏನೇನೋ ಕೇಳೇವ್ರಿ. ನೀವ ಆವಾಗ ಸಂಗಡ ಇದ್ರಂತ. ಖರೇ ಏನದು?" ಎಂದ. ಇದಕ್ಕಿಂತ ಸರಿಯಾದ ಹೊತ್ತು ನನಗೆ ಇನ್ನೆಲ್ಲಿ ಸಿಗಬೇಕಿತ್ತು! "ಹುಡಿಗಿ ಬಾಳ ಚಲೋ ಅದಾಳ್ರಿ" ಎಂದೆ. ಅವನು ಕೇಳಿದ್ದು ಅದಲ್ಲ. ನಾನು ಹೇಳದೆ ಉಳಿಸಿದ್ದು ಏನೆಂದು ಅವನಿಗೆ ತಿಳಿಯಿತು, ಚಹಾ ಕುಡಿದು ಎದ್ದುಹೋದ. ಆಮೇಲೆ ಇನ್ನೊಂದು ಸಂಬಂಧವೂ ಹಾಗೆಯೇ ಹೋಯಿತು. ಕಸ್ತೂರಿ ಈಗ ಸಿಂದಗಿಯಲ್ಲಿ ನರ್ಸ್. ತನ್ನ ಮದುವೆಯ ಮಾತನ್ನು ಅವಳೇ ಮುಗಿಸಿಬಿಟ್ಟಿದ್ದಾಳೆ.

ಮೊನ್ನೆ ನನ್ನ ಮಗಳಿಗೆ ಕುಬಸ ಮಾಡಿದೆವು. ಚೊಚ್ಚಲ ಬಸಿರು. ಮನೆ ತುಂಬ ಹೆಂಗಸರು, ಹಾಡು, ನಗು. ನಾನು ಬಾಗಿಲ ಬಳಿ ನಿಂತಿದ್ದೆ. ಮಹಾದೇವಿ ಹೊಸ್ತಿಲ ಆಚೆ ಬಂದು ನಿಂತಳು. ಕೈಯಲ್ಲಿ ಹೊಸ ಖಣ — ಹಸಿರು, ಕೆಂಪು ಅಂಚಿನದು.

"ಒಳಗ ಬಾರವಾ" ಎಂದೆ.

"ಬ್ಯಾಡ್ರಿ ಅಣ್ಣಾರ. ನಾ ಉಡಿ ಸುಟ್ಟ ಮನಿಯಾಕಿ. ನನ್ನ ನೆರಳು ಬಸುರಿ ಮ್ಯಾಲ ಬೀಳೂದು ಬ್ಯಾಡ. ಖಣ ಅಷ್ಟ ತಗೋರಿ, ಯಾರ ಕೈಲೆರ ಉಡಿಗೆ ಹಾಕಸ್ರಿ. ಕೂಸು ಚಂದಾಗಿ ಬರ್ಲಿ."

ಅವಳ ನೆರಳು! ನನ್ನ ಮನೆಯಲ್ಲಿ ಕೆಟ್ಟ ನೆರಳು ಯಾರದೆಂದು ನನಗಲ್ಲದೆ ಯಾರಿಗೆ ಗೊತ್ತು? ಆ ಖಣವನ್ನು ಎರಡೂ ಕೈ ಚಾಚಿ ತೆಗೆದುಕೊಂಡೆ. ಇಷ್ಟು ವರ್ಷ ಅವಳ ಸಿಟ್ಟಿಗೆ, ಸಿದ್ದಪ್ಪನ ಶಾಪಕ್ಕೆ, ದೇವರ ಕೋಪಕ್ಕೆ ಹೆದರಿ ಬದುಕಿದವನು ನಾನು. ಅವು ಯಾವುವೂ ಬರಲಿಲ್ಲ. ಬಂದದ್ದು ಅವಳ ಒಳ್ಳೆಯತನ, ಅದನ್ನು ತಡೆದುಕೊಳ್ಳಲು ನನ್ನಿಂದ ಆಗಲಿಲ್ಲ.

ಇವತ್ತು ಬೆಳಿಗ್ಗೆ ಟ್ರಂಕ್ ತೆಗೆದೆ. ಅಕ್ಕಿ ಹುಳು ಹಿಡಿದು ಪುಡಿಯಾಗಿತ್ತು. ಕೊಬ್ಬರಿ ಬಟ್ಟಲು ಕಪ್ಪಾಗಿತ್ತು. ಖಣ ಮಾತ್ರ ಹಾಗೇ ಇತ್ತು, ಕರಕಲು ಮೂಲೆಯೂ ಹಾಗೇ. ಮೊದಲು ಕಮಲವ್ವನಿಗೆ ಹೇಳಿದೆ. ಅವಳು ಕಿವಿ ಮುಚ್ಚಿಕೊಂಡು ಒಳಗೆ ಹೋದಳು. ಆಮೇಲೆ ಖಣ ಹಿಡಿದು ಮಹಾದೇವಿಯ ಮನೆಗೆ ಹೋದೆ. ರಜೆಗೆ ಬಂದ ಕಸ್ತೂರಿಯೂ ಇದ್ದಳು. ನಿಂತೇ ಹೇಳಿದೆ. ಡಂಗುರದ ಮಾತು, ನನ್ನ ಮಾತು, ಬಾಯಿ ತೆರೆದು ಮುಚ್ಚಿಕೊಂಡದ್ದು, ಬೆರಳು ಬಿಡಿಸಿದ್ದು — ಒಂದನ್ನೂ ಬಿಡಲಿಲ್ಲ.

ಮಹಾದೇವಿ ಖಣವನ್ನು ಮಡಿಲಲ್ಲಿ ಬಿಚ್ಚಿ ಅಂಚಿನ ಮೇಲೆ ಬೆರಳಾಡಿಸಿದಳು. ಸುಟ್ಟ ಮೂಲೆಯನ್ನು ಮೂಸಿದಳು.

"ಇಳಿಸಿದ್ರು" ಎಂದಳು, ನನಗಲ್ಲ, ಮಗಳಿಗೆ. "ನಿಮ್ಮಪ್ಪ ಉಡಿ ಇಳಿಸಿದ್ರು, ನೋಡು."

ಕಸ್ತೂರಿ ತಾಯಿಯ ಭುಜ ಹಿಡಿದು ನನ್ನನ್ನೇ ನೋಡುತ್ತಿದ್ದಳು. ಅವಳ ಕಣ್ಣಲ್ಲಿದ್ದದ್ದನ್ನು ಬರೆಯಲು ನನಗೆ ಬರುವುದಿಲ್ಲ. ನಾನು ಕಾಲಿಗೆ ಬೀಳಲು ಬಗ್ಗಿದೆ. ಮಹಾದೇವಿ ಕಾಲು ಹಿಂದೆಳೆದುಕೊಂಡಳು.

"ನನಗ ಹೇಳಿ ಏನ್ ಮಾಡ್ತೀರಿ ಮುಕಾದಮ್ರ? ನಾ ಒಂದಿನಾನೂ ಅವರಿಗೆ ಕಳ್ಳ ಅಂದಾಕಿ ಅಲ್ಲ. ಅಂದವರಿಗೆ ಹೇಳ್ರಿ."

ಇಪ್ಪತ್ತು ವರ್ಷಕ್ಕೂ ಮೇಲೆ ಅಣ್ಣಾ ಎಂದ ಬಾಯಿ ಮುಕಾದಮ ಎಂದಿತು. ಅದು ಸರಿಯಾಗಿಯೇ ಇತ್ತು.

ಅಲ್ಲಿಂದ ನೇರ ನಮ್ಮ ಊರಿನ ನಿವೃತ್ತ ಮಾಸ್ತರರೊಬ್ಬರ ಮನೆಗೆ ಹೋದೆ. ಅವರ ತಂದೆಯ ಕಾಲದವರೆಗೂ ಊರಿನ ಡಂಗುರ ಆ ಮನೆಯದು. ಬೌದ್ಧರಾದ ಮೇಲೆ ಅವರ ಕೇರಿಯವರು ಅದನ್ನು ಬಿಟ್ಟರು, ಬಿಟ್ಟದ್ದು ನ್ಯಾಯವೇ. ಡಂಗುರ ಹೊಡೆಯುವ ಹಲಗೆ ಮಾತ್ರ ಗೋಡೆಗೆ ತೂಗುಹಾಕಿದೆ. ಮಾಸ್ತರರು ಪೂರಾ ಕೇಳಿಸಿಕೊಂಡರು. "ಹಲಗಿ ಒಯ್ರಿ ಭೀಮಣ್ಣಾ. ನಮ್ಮ ಪೈಕಿ ಯಾರೂ ಹೊಡ್ಯಾಕ ಬರೂದಿಲ್ಲ" ಎಂದರು.

"ಯಾರನ್ನೂ ಕಳಸಂಗಿಲ್ರಿ ಈ ಸಲ. ನಾನ ಹೊಡೀತೇನಿ" ಎಂದೆ.

ಹಲಗೆ ಈಗ ನನ್ನ ಮುಂದಿದೆ. ನಾಳೆ ಬೆಳಿಗ್ಗೆ, ಜನ ಹೊಲಕ್ಕೆ ಹೊರಡುವ ಮೊದಲು, ಇದನ್ನು ಕೊರಳಿಗೆ ಹಾಕಿಕೊಂಡು ಊರ ಬಾಗಿಲಿನ ಅಗಸಿಯಿಂದ ಶುರುಮಾಡಿ ಓಣಿ ಓಣಿ ತಿರುಗುತ್ತೇನೆ. ನಗುವವರು ನಗಲಿ, ಉಗುಳುವವರು ಉಗುಳಲಿ. ಮಗಳ ಅತ್ತೆಯ ಮನೆಯವರಿಗೆ ಗೊತ್ತಾಗುತ್ತದೆ, ಪೊಲೀಸರಿಗೂ ಗೊತ್ತಾಗಬಹುದು. ಆಗಲಿ. ಸಿದ್ದಪ್ಪನ ಮನೆಯ ಮುಂದೆ ಮಾತ್ರ ಹಲಗೆ ಹೊಡೆಯುವುದಿಲ್ಲ. ಅವರು ಕೇಳಬೇಕಾದದ್ದೇನೂ ಉಳಿದಿಲ್ಲ. ಸಾರಬೇಕಾದ ಮಾತನ್ನು ಕೂತು ಬಾಯಿಪಾಠ ಮಾಡಿದ್ದೇನೆ, ಎಲ್ಲರಿಗೂ ತಿಳಿಯುವ ಹಾಗೆ ನಮ್ಮ ಊರಿನ ಭಾಷೆಯಲ್ಲಿಯೇ.

"ಊರ ಮಂದೆಲ್ಲಾ ಕೇಳ್ರಿ. ನಮ್ಮ ಸಿದ್ದಪ್ಪ ಕಳ್ಳ ಅಲ್ಲ. ಟವರ್ ಮ್ಯಾಲಿನ ಉಡಿ ಇಳಸಾಕ ನಾ ಕಳಸಿದ್ದೆ. ಲೈನಿಗೆ ಕರೆಂಟ್ ಬಿಡ್ತಾರ ಅನ್ನೂದು ನನಗ ಗೊತ್ತಿತ್ತು, ನಾ ಹೇಳ್ಲಿಲ್ಲ. ಆಂವ ಉಡಿ ಇಳಿಸಿದ. ಅದನ್ನ ಆಂವನ ಕೈಯಾಗಿಂದ ಕದ್ದಾಂವ ನಾನು."